ಕುಸ್ಕೊ ನಗರದ ‘ಉಚಿತ’ ವಾಕಿಂಗ್ ಟೂರ್: ಗೈಡ್ ಬೇಕೇ, ಬೇಡವೇ?

ಹೇಮಾವತಿ_ತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೇ ತಿಂಗಳ ಕೊನೆಯಲ್ಲಿ ನಾನು, ನನ್ನ ಪತಿ ಮತ್ತು ನನ್ನ ಅತ್ತೆ ಪೆರು ದೇಶದ ಕುಸ್ಕೊಗೆ ಹೊರಟಿದ್ದೇವೆ. ಮಾಚು ಪಿಚುವಿನ ಟಿಕೆಟ್ಟು, ರೈಲು, ಹೋಟೆಲು ಎಲ್ಲವೂ ಆಗಿವೆ. ಮನೆಯಲ್ಲಿ ಜಗಳ ನಡೆದಿರುವುದು ಕುಸ್ಕೊ ನಗರವನ್ನು ಹೇಗೆ ನೋಡಬೇಕು ಎಂಬುದರ ಮೇಲೆ.

ಚೌಕದಲ್ಲಿ ಬಣ್ಣದ ಅಂಗಿ ತೊಟ್ಟು, ಕೊಡೆ ಹಿಡಿದು ನಿಲ್ಲುವವರ ‘ಉಚಿತ’ ವಾಕಿಂಗ್ ಟೂರ್ ಸಾಕು, ಕೊನೆಯಲ್ಲಿ ಮನಸ್ಸಿಗೆ ಬಂದಷ್ಟು ಕೊಟ್ಟರಾಯಿತು ಎಂಬುದು ಪತಿಯ ವಾದ. ಅಷ್ಟು ದೂರ ಹೋಗಿ ಮೂವತ್ತು ಜನರ ಗುಂಪಿನ ಹಿಂದೆ ಕತ್ತು ಉದ್ದ ಮಾಡಿಕೊಂಡು ನಡೆಯುವುದಕ್ಕಿಂತ ಪರವಾನಗಿ ಇರುವ ಗೈಡ್ ಒಬ್ಬರನ್ನು ನಮಗಷ್ಟೇ ಗೊತ್ತುಮಾಡಿಕೊಳ್ಳುವುದು ಮೇಲು ಎಂಬುದು ನನ್ನ ವಾದ. ಅತ್ತೆಯವರು ನಿವೃತ್ತ ಇತಿಹಾಸ ಉಪನ್ಯಾಸಕಿ. ಗೈಡುಗಳೆಲ್ಲ ಕಟ್ಟುಕತೆ ಹೇಳುತ್ತಾರೆ, ಮೊದಲೇ ಓದಿಕೊಂಡು ನಾವೇ ನಡೆಯೋಣ ಎಂದು ಅವರು ಪಟ್ಟು ಹಿಡಿದಿದ್ದಾರೆ. ಹೋಗಿಬಂದವರು ದಯವಿಟ್ಟು ತಿಳಿಸಿ: ಮೂವರಲ್ಲಿ ಯಾರ ಮಾತು ಕೇಳಬೇಕು?

ದಂಡಿನದಾರಿ

ಅತ್ತೆಯವರ ಮಾತು ಕೇಳಿ. ಮನೆಯಲ್ಲಿ ಶಾಂತಿಯೂ ಉಳಿಯುತ್ತದೆ, ಹಣವೂ ಉಳಿಯುತ್ತದೆ.

ಕಲ್ಲುಕುಟಿಗ

ಮೇಲಿನವರು ತಮಾಷೆಗೆ ಹೇಳಿರಬಹುದು, ಆದರೆ ನಾನು ಒಪ್ಪುವುದಿಲ್ಲ. ಕುಸ್ಕೊದಲ್ಲಿ ಕಣ್ಣಿಗೆ ಮೊದಲು ಬೀಳುವುದು ಸ್ಪ್ಯಾನಿಷ್ ಊರು: ಕೆಂಪು ಹೆಂಚು, ಕೆತ್ತನೆಯ ಮರದ ಬಾಲ್ಕನಿ, ಎರಡು ದೊಡ್ಡ ಚರ್ಚುಗಳು, ಕಮಾನುಗಳ ಸಾಲು. ಸ್ಪ್ಯಾನಿಯಾರ್ಡರು ಬರುವ ಮೊದಲು ಆಳುತ್ತಿದ್ದ ಇನ್ಕಾಗಳ ಊರು ಇರುವುದು ಇವುಗಳ ಬುಡದಲ್ಲಿ. ಎಲ್ಲಿ ಇನ್ಕಾ ಗೋಡೆ ಮುಗಿದು ಸ್ಪ್ಯಾನಿಷ್ ಗೋಡೆ ಶುರುವಾಗುತ್ತದೆ, ಎಲ್ಲಿ ಇನ್ಕಾ ಕಲ್ಲನ್ನೇ ಕಿತ್ತು ಗಾರೆ ಹಾಕಿ ಬೇರೆ ಗೋಡೆಗೆ ಬಳಸಿದ್ದಾರೆ ಎಂಬುದು ಯಾರಾದರೂ ಕೈ ಮಾಡಿ ತೋರಿಸಿದರೆ ಹತ್ತು ನಿಮಿಷದಲ್ಲಿ ಹಿಡಿತಕ್ಕೆ ಸಿಗುತ್ತದೆ. ತೋರಿಸದಿದ್ದರೆ ಇಡೀ ದಿನ ನಡೆದರೂ ‘ಹಳೆಯ ಗೋಡೆ’ ಎಂದಷ್ಟೇ ಅನಿಸುತ್ತದೆ.

ಗಮನಿಸಬೇಕಾದವು ಇಷ್ಟು. ಇನ್ಕಾ ಗೋಡೆ ಮೇಲೆ ಹೋದಂತೆ ಸ್ವಲ್ಪ ಒಳಕ್ಕೆ ವಾಲಿರುತ್ತದೆ. ಬಾಗಿಲು, ಗೂಡುಗಳು ಕೆಳಗೆ ಅಗಲವಾಗಿ ಮೇಲೆ ಕಿರಿದಾಗಿರುತ್ತವೆ. ಒಳ್ಳೆಯ ಕಟ್ಟಡಗಳಲ್ಲಿ ಗಾರೆಯೇ ಇಲ್ಲ. ಬಾಗಿಲಿಗೆ ಒಂದರೊಳಗೊಂದು ಎರಡು ಚೌಕಟ್ಟು ಇದ್ದರೆ ಅದು ಮಹತ್ವದ ಕಟ್ಟಡವಾಗಿತ್ತೆಂದು ಅರ್ಥ. ಪ್ಲಾಸಾ ದೆ ಆರ್ಮಾಸ್ ಚೌಕದಿಂದ ಹೊರಡುವ ಲೊರೆಟೊ ಓಣಿಗೆ ಹೋಗಿ ಎರಡೂ ಬದಿಯ ಗೋಡೆಗಳನ್ನು ನೋಡಿ. ಒಂದು ಬದಿ ಅಕ್ಲಾವಾಸಿ, ಅಂದರೆ ಆಯ್ದ ಹೆಣ್ಣುಮಕ್ಕಳು ಬಟ್ಟೆ ನೇಯುತ್ತ, ಹಬ್ಬಗಳಿಗೆ ಚಿಚಾ ಎಂಬ ಜೋಳದ ಮದ್ಯ ತಯಾರಿಸುತ್ತ ಇದ್ದ ಮನೆ. ಅದೇ ಜಾಗದಲ್ಲಿ ಈಗ ಸಾಂತಾ ಕತಲಿನಾ ಕ್ರೈಸ್ತ ಸಂನ್ಯಾಸಿನಿಯರ ಮಠವಿದೆ. ಇನ್ನೊಂದು ಬದಿ ಅಮಾರುಕಾಂಚ. ಅದರ ಮೇಲೆ ಜೆಸ್ಯೂಟರ ಲಾ ಕೊಂಪನ್ಯಿಯಾ ಚರ್ಚು ನಿಂತಿದೆ. ಇಲ್ಲಿನ ಕಲ್ಲುಗಳು ಸಾಲು ಸಾಲಾಗಿ, ಒಂದೇ ಎತ್ತರದಲ್ಲಿ ಕೂತಿವೆ. ಅಲ್ಲಿಂದ ಹತುನ್ ರುಮಿಯೊಕ್ ಬೀದಿಗೆ ಬಂದರೆ ಪದ್ಧತಿಯೇ ಬೇರೆ: ಒಂದೊಂದು ಕಲ್ಲಿಗೆ ಒಂದೊಂದು ಆಕಾರ. ಹನ್ನೆರಡು ಮೂಲೆಗಳ ಪ್ರಸಿದ್ಧ ಕಲ್ಲು ಇರುವುದು ಅಲ್ಲಿಯೇ. ಇನ್ಕಾ ರೋಕನ ಅರಮನೆಯೆಂದು ಹೇಳಲಾಗುವ ಆ ಗೋಡೆಯ ಮೇಲೆ ಈಗ ಆರ್ಚ್‌ಬಿಷಪ್ಪರ ಅರಮನೆಯಿದೆ. ಈ ಎರಡು ಬೀದಿಗಳನ್ನು ತಿಳಿದವರೊಬ್ಬರ ಜೊತೆ ನಡೆದರೆ ಉಳಿದ ಊರನ್ನು ನೀವೇ ಓದಿಕೊಳ್ಳಬಹುದು.

ಪೇಟೆಬೀದಿ

ಹನ್ನೆರಡು ಮೂಲೆಯ ಕಲ್ಲಿನ ಬಳಿ ಈಗ ಕಾವಲು ಬಿಗಿಯಾಗಿದೆ. 2025ರ ಫೆಬ್ರವರಿಯಲ್ಲಿ ಒಬ್ಬಾತ ರಾತ್ರಿ ಹೊತ್ತಿನಲ್ಲಿ ಲೋಹದ ವಸ್ತುವಿನಿಂದ ಹೊಡೆದು ಅದರ ಮುಖವನ್ನು ಹಲವು ಕಡೆ ಒಡೆದ. ಆದ್ದರಿಂದ ಯಾವ ಗೈಡ್ ‘ಮುಟ್ಟಿ ನೋಡಿ, ಶಕ್ತಿ ಬರುತ್ತದೆ’ ಎನ್ನುತ್ತಾನೋ ಅವನನ್ನು ಅಲ್ಲಿಯೇ ಬಿಟ್ಟು ಮುಂದೆ ನಡೆಯಿರಿ.

ಮೈಸೂರು_ಡಲ್ಲಸ್

ಯಾವ ಟೂರ್ ಎಂಬುದಕ್ಕಿಂತ ಯಾವ ದಿನ ಎಂಬುದು ಮುಖ್ಯ. ಕುಸ್ಕೊ ಇರುವುದು ಸಮುದ್ರಮಟ್ಟದಿಂದ ಸುಮಾರು 3400 ಮೀಟರ್ ಎತ್ತರದಲ್ಲಿ. ಸಮುದ್ರದಂಚಿನ ಲಿಮಾದಿಂದ ವಿಮಾನದಲ್ಲಿ ಒಂದೂಕಾಲು ಗಂಟೆಯ ಆಸುಪಾಸಿನಲ್ಲಿ ಅಲ್ಲಿಗೆ ಏರಿಬಿಡುತ್ತೀರಿ. ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಅಲ್ಲಿಯವರು ‘ಸೊರೊಚೆ’ ಎನ್ನುವ ಈ ತೊಂದರೆಯಲ್ಲಿ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಸಾಮಾನ್ಯ. ಗಟ್ಟಿಮುಟ್ಟಾದ ಯುವಕರನ್ನೂ ಅದು ಬಿಡುವುದಿಲ್ಲ. ಬೆಳಗ್ಗೆ ಇಳಿದು ಮಧ್ಯಾಹ್ನವೇ ಟೂರ್ ಸೇರಿಕೊಂಡು ಸಾನ್ ಬ್ಲಾಸ್ ಬಡಾವಣೆಯ ಮೆಟ್ಟಿಲು ಹತ್ತುವವರನ್ನು ನೋಡಿದ್ದೇನೆ. ಗುಂಪು ಮುಂದೆ ಸಾಗುತ್ತದೆ, ಇವರು ಗೋಡೆಗೆ ಒರಗಿ ನಿಂತಿರುತ್ತಾರೆ, ಗೈಡಿನ ಮಾತು ಅರ್ಧವೂ ಕಿವಿಗೆ ಬಿದ್ದಿರುವುದಿಲ್ಲ.

ಮೊದಲ ದಿನ ಚೌಕದಲ್ಲಿ ಕುಳಿತು ಕೋಕಾ ಎಲೆಯ ಚಹಾ ಕುಡಿಯಿರಿ, ಹೊಟ್ಟೆ ಬಿರಿಯ ಉಣ್ಣಬೇಡಿ. ಎರಡನೆಯ ದಿನ ಬೆಳಗಿನ ಟೂರ್ ಇಟ್ಟುಕೊಳ್ಳಿ. ಅತ್ತೆಯವರಿಗೆ ರಕ್ತದೊತ್ತಡ ಅಥವಾ ಹೃದಯದ ಔಷಧಿಗಳಿದ್ದರೆ ಹೊರಡುವ ಮೊದಲು ವೈದ್ಯರನ್ನು ಕಂಡುಬನ್ನಿ.

ದಂಡಿನದಾರಿ

ಕೋಕಾ ಎಲೆಯನ್ನು ನೆನಪಿಗೆಂದು ಚೀಲದಲ್ಲಿಟ್ಟುಕೊಂಡು ಅಮೆರಿಕಕ್ಕಾಗಲಿ ಭಾರತಕ್ಕಾಗಲಿ ಬರಬೇಡಿ. ಕುಸ್ಕೊದಲ್ಲಿ ಹೋಟೆಲಿನವರೇ ಕೊಡುವ ಪಾನೀಯ ವಿಮಾನ ನಿಲ್ದಾಣದಲ್ಲಿ ಅಪರಾಧವಾಗುತ್ತದೆ.

ಸಂಶಯಪ್ರಿಯ

ನಾನು ಅತ್ತೆಯವರ ಪಕ್ಷ. ಕುಸ್ಕೊದ ಗೈಡುಗಳು, ಉಚಿತದವರಾಗಲಿ ಹಣದವರಾಗಲಿ, ಒಂದೇ ಪಾಠವನ್ನು ಒಪ್ಪಿಸುತ್ತಾರೆ. ಮೊದಲನೆಯದು, ಊರನ್ನು ಪೂಮಾ ಎಂಬ ದೊಡ್ಡ ಕಾಡುಬೆಕ್ಕಿನ ಆಕಾರದಲ್ಲಿ ಕಟ್ಟಿದ್ದಾರೆ ಎಂಬುದು. ಎರಡನೆಯದು, ಯಾವುದೋ ಗಿಡದ ರಸ ಹಚ್ಚಿ ಕಲ್ಲನ್ನು ಮೆತ್ತಗೆ ಮಾಡಿ ಗೋಡೆ ಕಟ್ಟಿದರು ಎಂಬುದು. ಮೂರನೆಯದು, ಇನ್ಕಾ ರೋಕ ಓಣಿಯ ಗೋಡೆಯಲ್ಲಿ ಕಲ್ಲುಗಳನ್ನು ಸೇರಿಸಿ ಪೂಮಾ ಮತ್ತು ಹಾವು ‘ಬಿಡಿಸಿದ್ದಾರೆ’ ಎಂದು ಬೆರಳಿನಲ್ಲಿ ಗೆರೆ ಎಳೆದು ತೋರಿಸುವುದು. ಸುತ್ತಲಿನ ನಾಲ್ಕು ಕಲ್ಲು ಹಿಡಿದು ಗೆರೆ ಎಳೆದರೆ ನನಗೆ ಆ ಗೋಡೆಯಲ್ಲಿ ನಮ್ಮ ಪಕ್ಕದ ಮನೆಯ ಎಮ್ಮೆಯೂ ಕಾಣಿಸಿತು. ಇದಕ್ಕೆ ಹಣ ಏಕೆ ಕೊಡಬೇಕು?

ಸಹ್ಯಾದ್ರಿ_ಓದುಗ

ಸಂಶಯಪ್ರಿಯರೇ, ಮೂರನೆಯದನ್ನು ನಿಮಗೆ ಬಿಟ್ಟುಕೊಡುತ್ತೇನೆ, ಆದರೆ ಪೂಮಾವನ್ನು ಅಷ್ಟು ಸುಲಭವಾಗಿ ಓಡಿಸಬೇಡಿ. ಅದು ಗೈಡುಗಳು ಕಟ್ಟಿದ ಕತೆಯಲ್ಲ. 16ನೆಯ ಶತಮಾನದ ಸ್ಪ್ಯಾನಿಷ್ ಬರಹಗಾರರಾದ ಹುವಾನ್ ದೆ ಬೆತಾನ್ಸೋಸ್ ಮತ್ತು ಪೆದ್ರೊ ಸಾರ್ಮಿಯೆಂತೊ ದೆ ಗಂಬೋವಾ ಇಬ್ಬರೂ ಊರನ್ನು ಆ ಪ್ರಾಣಿಯ ದೇಹಕ್ಕೆ ಸಂಬಂಧಿಸಿ ಬರೆದಿದ್ದಾರೆ. ಸಾಫಿ ಮತ್ತು ತುಲ್ಲುಮಾಯು ನದಿಗಳು ಸೇರುವ ಜಾಗವನ್ನು ಇಂದಿಗೂ ಪೂಮಾದ ಬಾಲವೆಂದು, ಅಂದರೆ ಪುಮಾಚುಪಾನ್ ಎಂದು ಕರೆಯುತ್ತಾರೆ. ಊರ ಮೇಲಿನ ಗುಡ್ಡದಲ್ಲಿರುವ ಸಾಕ್ಸಾಯ್ವಮಾನ್ ಕೋಟೆ ಅದರ ತಲೆ. ನಿಜವಾದ ವಿವಾದ ಬೇರೆಯದು. ಇದು ನಕ್ಷೆಯಲ್ಲಿ ಬರೆದ ಆಕಾರವೇ, ಇಲ್ಲವೇ ರಾಜ್ಯವನ್ನು ಒಂದು ದೇಹವೆಂದು ಕಾಣುವ ರೂಪಕವೇ? ಮಾನವಶಾಸ್ತ್ರಜ್ಞ ಟಾಮ್ ಝುಯಿಡೆಮಾ 1980ರ ದಶಕದಲ್ಲಿ ಇದು ರೂಪಕವೆಂದೇ ವಾದಿಸಿದ್ದರು. ಒಳ್ಳೆಯ ಗೈಡ್ ಈ ಎರಡೂ ಪಕ್ಷಗಳನ್ನು ಹೇಳುತ್ತಾನೆ. ನಕ್ಷೆಯ ಮೇಲೆ ಪೂಮಾದ ಚಿತ್ರ ಅಚ್ಚುಹಾಕಿದ ಕಾಗದ ತೋರಿಸಿ ಮುಂದೆ ಹೋಗುವವನು ಅರ್ಧವನ್ನಷ್ಟೇ ಹೇಳುತ್ತಾನೆ.

ಕಲ್ಲುಕುಟಿಗ

ಕಲ್ಲು ಮೆತ್ತಗಾದ ಕತೆಗೂ ಉತ್ತರವಿದೆ. 1980ರ ದಶಕದಲ್ಲಿ ಬರ್ಕ್ಲಿಯ ವಾಸ್ತುಶಿಲ್ಪ ಪ್ರಾಧ್ಯಾಪಕ ಜಾನ್ ಪಿಯೆರ್ ಪ್ರೋಟ್ಸೆನ್ ಇನ್ಕಾ ಗಣಿಗಳಿಗೇ ಹೋಗಿ, ಅಲ್ಲಿ ಬಿದ್ದಿದ್ದ ನದಿಯ ಗುಂಡುಕಲ್ಲುಗಳನ್ನು ಸುತ್ತಿಗೆಯಾಗಿ ಬಳಸಿ ಆಂಡಿಸೈಟ್ ಕಲ್ಲನ್ನು ತಾವೇ ಕುಟ್ಟಿ ಆಕಾರಕ್ಕೆ ತಂದು ತೋರಿಸಿದರು. ಕಲ್ಲಿನ ನಡುವೆ ದೊಡ್ಡ ಸುತ್ತಿಗೆಯ ದೊಡ್ಡ ಗುರುತು, ಅಂಚಿನಲ್ಲಿ ಸಣ್ಣ ಸುತ್ತಿಗೆಯ ಸಣ್ಣ ಗುರುತು ಉಳಿಯುತ್ತದೆ. ಇದೇ ಗುರುತುಗಳು ಕುಸ್ಕೊದ ಗೋಡೆಗಳ ಮೇಲೂ ಇವೆ. ಬೆಳಗಿನ ಓರೆ ಬಿಸಿಲಿನಲ್ಲಿ ಬರಿಗಣ್ಣಿಗೇ ಕಾಣುತ್ತವೆ. ಮೇಲಿನ ಕಲ್ಲನ್ನು ಇಟ್ಟು, ಎತ್ತಿ, ತಗುಲಿದ ಕಡೆ ನುಗ್ಗಾದ ಪುಡಿಯನ್ನು ನೋಡಿ, ಅಷ್ಟನ್ನೇ ಕುಟ್ಟಿ, ಮತ್ತೆ ಇಡುವುದು: ಕೆಲಸ ನಿಧಾನ, ಆದರೆ ಅಸಾಧ್ಯವಲ್ಲ. ದುಡಿಯುವ ಕೈಗಳನ್ನು ಊರೂರಿಂದ ಸರದಿಯ ಮೇಲೆ ಕರೆಸಿಕೊಳ್ಳುತ್ತಿದ್ದ ಮಿಟಾ ಪದ್ಧತಿಯಿರುವ ರಾಜ್ಯಕ್ಕೆ ಸಮಯದ ಕೊರತೆ ಇರಲಿಲ್ಲ.

ಇನ್ಕಾಗಳ ಸೂರ್ಯ ದೇವಾಲಯವಾದ ಕೊರಿಕಾಂಚದ ಆಂಡಿಸೈಟ್ ಬಂದದ್ದು ಸುಮಾರು 35 ಕಿಲೋಮೀಟರ್ ದೂರದ ರುಮಿಕೋಲ್ಕಾ ಗಣಿಯಿಂದ. ಅನ್ಯಗ್ರಹದವರು ಬಂದಿದ್ದರು ಎನ್ನುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅವರು ಬಂದು ಮೂವತ್ತೈದು ಕಿಲೋಮೀಟರ್ ಕಲ್ಲು ಎಳೆಸಿದರೆಂದು ನಂಬುವುದು ಅನ್ಯಗ್ರಹದವರಿಗೇ ಅವಮಾನ.

ಸಂಶಯಪ್ರಿಯ

ನೀವು ಹೇಳಿದ ಪ್ರೋಟ್ಸೆನ್ ಹೆಸರನ್ನು ನಾನು ಹೋದ ಟೂರಿನಲ್ಲಿ ಯಾರೂ ಎತ್ತಲಿಲ್ಲ. ನನ್ನ ವಾದವೂ ಅದೇ ಅಲ್ಲವೇ?

ಲೆಕ್ಕಪತ್ರ

ಇಲ್ಲಿಯವರೆಗೆ ಯಾರೂ ಹಣದ ವಿಚಾರವನ್ನು ಸರಿಯಾಗಿ ಎತ್ತಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ‘ಉಚಿತ’ ಟೂರ್ ಎಂಬ ವ್ಯವಸ್ಥೆ ಯೂರೋಪಿನ ನಗರಗಳಲ್ಲಿ ಬೆಳೆದು ಎಲ್ಲೆಡೆ ಹಬ್ಬಿದ್ದು. ಇದರಲ್ಲಿ ಗೈಡಿಗೆ ಸಂಬಳ ಇರುವುದಿಲ್ಲ. ಎಷ್ಟೋ ಕಡೆ ಬಂದ ಒಬ್ಬೊಬ್ಬರ ಲೆಕ್ಕದಲ್ಲಿ ಗೈಡೇ ಕಂಪನಿಗೆ ತಲೆಗಿಷ್ಟು ಕಟ್ಟಬೇಕು; ಶುರುವಿನಲ್ಲಿ ತೆಗೆಯುವ ಗುಂಪಿನ ಫೋಟೊ ನೆನಪಿಗಾಗಿ ಮಾತ್ರವಲ್ಲ, ತಲೆ ಎಣಿಸುವುದಕ್ಕೂ ಹೌದು. ಆದ್ದರಿಂದ ಒಬ್ಬರು ಏನೂ ಕೊಡದೆ ಜಾರಿಕೊಂಡರೆ ಗೈಡಿಗೆ ಸೊನ್ನೆಯಲ್ಲ, ನಷ್ಟ. ಆ ನಷ್ಟವನ್ನು ತುಂಬಿಕೊಳ್ಳಲು ಕೆಲವರು ಕೊನೆಯ ಅರ್ಧ ಗಂಟೆ ನಿಮ್ಮನ್ನು ಅಲ್ಪಾಕಾ ಉಣ್ಣೆಯ ಅಂಗಡಿಗೋ ಪಿಸ್ಕೊ ರುಚಿ ತೋರಿಸುವ ಬಾರಿಗೋ ಕರೆದೊಯ್ದು ಕಮಿಷನ್ ಪಡೆಯುತ್ತಾರೆ. ನಡೆಯಲು ಬಂದವರು ಶಾಲು ಕೊಂಡು ಹೋಗುತ್ತಾರೆ.

ಎರಡನೆಯ ವಿಚಾರ ಕಾನೂನಿನದು. ಪೆರುವಿನಲ್ಲಿ ಗೈಡ್ ವೃತ್ತಿಗೆ 2005ರ 28529ನೆಯ ಸಂಖ್ಯೆಯ ಕಾನೂನು ಇದೆ. ಪ್ರವಾಸೋದ್ಯಮ ಪದವಿ ಅಥವಾ ಗೈಡ್ ತರಬೇತಿಯ ಅಧಿಕೃತ ವಿದ್ಯಾರ್ಹತೆ ಇರುವವರಿಗೆ ಪ್ರಾದೇಶಿಕ ಪ್ರವಾಸೋದ್ಯಮ ಕಚೇರಿ ಗುರುತಿನ ಚೀಟಿ ಕೊಡುತ್ತದೆ. ಕುಸ್ಕೊದಲ್ಲಿಯೇ 1692ರಲ್ಲಿ ಸ್ಥಾಪನೆಯಾದ ಸಾನ್ ಆಂಟೋನಿಯೊ ಅಬಾದ್ ವಿಶ್ವವಿದ್ಯಾಲಯ ಪ್ರವಾಸೋದ್ಯಮದ ಪದವಿ ಕೊಡುತ್ತದೆ. ಉಚಿತ ಟೂರಿನಲ್ಲೂ ಚೀಟಿ ಇರುವವರು ಇದ್ದಾರೆ, ಇಲ್ಲದವರೂ ಇದ್ದಾರೆ. ಕೊರಳಲ್ಲಿ ಚೀಟಿ ಕಾಣದಿದ್ದರೆ ಕೇಳಿ; ಕೇಳಿದ್ದಕ್ಕೆ ಮುಖ ಗಂಟು ಹಾಕಿಕೊಂಡರೆ ಉತ್ತರ ಸಿಕ್ಕಿದಂತೆಯೇ.

ಪೇಟೆಬೀದಿ

ಲೆಕ್ಕಪತ್ರದವರು ಒಂದು ಬದಿಯನ್ನೇ ಹೇಳಿದ್ದಾರೆ. ನನಗೆ ಸಿಕ್ಕ ಉಚಿತ ಟೂರಿನ ಗೈಡ್ ಕೆಚುವಾ ಮನೆಮಾತಿನವಳು, ಊರಿನ ಹೊರಗಿನ ಹಳ್ಳಿಯಿಂದ ಬಂದವಳು. ತನ್ನ ಅಜ್ಜಿಗೆ ಶಾಲೆಯಲ್ಲಿ ಕೆಚುವಾ ಮಾತಾಡಿದ್ದಕ್ಕೆ ಏಟು ಬಿದ್ದದ್ದನ್ನೂ, 1975ರಲ್ಲಿ ಅದೇ ಭಾಷೆಗೆ ಸರ್ಕಾರಿ ಮಾನ್ಯತೆ ಸಿಕ್ಕಿದ್ದನ್ನೂ ಮಾರುಕಟ್ಟೆಯ ಮುಂದೆ ನಿಂತು ಆಕೆ ಹೇಳಿದ್ದು ಯಾವ ದುಬಾರಿ ಗೈಡಿನ ಮಾತಿಗೂ ಕಡಿಮೆಯಿರಲಿಲ್ಲ. ಹಣ ಕೊಟ್ಟು ಗೊತ್ತುಮಾಡಿಕೊಂಡ ಇನ್ನೊಬ್ಬರು ಅರ್ಧ ಹೊತ್ತು ಫೋನಿನಲ್ಲಿಯೇ ಇದ್ದರು. ವ್ಯವಸ್ಥೆಯನ್ನು ನೋಡಿ ವ್ಯಕ್ತಿಯನ್ನು ಅಳೆಯಬೇಡಿ.

ಲೆಕ್ಕಪತ್ರ

ನಾನು ವ್ಯಕ್ತಿಯನ್ನು ಅಳೆದಿಲ್ಲ; ಆಕೆಗೆ ಸಂಬಳ ಸಿಗಬೇಕಿತ್ತು ಎನ್ನುತ್ತಿದ್ದೇನೆ. ಅಷ್ಟು ಚೆನ್ನಾಗಿ ಹೇಳುವವಳು ಪ್ರತಿದಿನ ಅಪರಿಚಿತರ ಉದಾರತೆಯನ್ನು ನಂಬಿ ಬದುಕಬೇಕು ಎಂಬುದೇ ನನ್ನ ಆಕ್ಷೇಪ. ನೀವು ಎಷ್ಟು ಕೊಟ್ಟಿರಿ?

ಪೇಟೆಬೀದಿ

ಇಬ್ಬರ ಲೆಕ್ಕಕ್ಕೆ ಅರವತ್ತು ಸೋಲ್ (ಪೆರುವಿನ ನಾಣ್ಯ) ಕೊಟ್ಟೆವು. ನಮ್ಮ ಗುಂಪಿನಲ್ಲಿ ಐದು ಸೋಲಿನ ನಾಣ್ಯ ಕೈಗಿಟ್ಟು ಸೆಲ್ಫಿ ತೆಗೆಸಿಕೊಂಡವರೂ ಇದ್ದರು, ಅವರ ಕೈಯಲ್ಲಿ ನನ್ನ ಮನೆಯ ಬಾಡಿಗೆಯಷ್ಟು ಬೆಲೆಯ ಕ್ಯಾಮೆರಾ ಇತ್ತು.

ಹೇಮಾವತಿ_ತೀರ

ಎಲ್ಲರಿಗೂ ಧನ್ಯವಾದ. ಉತ್ತರಗಳನ್ನು ಅತ್ತೆಯವರಿಗೆ ಓದಿ ಹೇಳುತ್ತಿದ್ದೇನೆ. ಪ್ರೋಟ್ಸೆನ್ ಕುರಿತ ಭಾಗ ಬಂದಾಗ ಅವರು ನಿಲ್ಲಿಸಿ ಮತ್ತೊಮ್ಮೆ ಓದಿಸಿದರು. ಅವರದೊಂದು ಪ್ರಶ್ನೆ: ವಾಕಿಂಗ್ ಟೂರಿನಲ್ಲಿ ಕ್ಯಾಥೆಡ್ರಲ್ ಮತ್ತು ಕೊರಿಕಾಂಚದ ಒಳಗೂ ಕರೆದೊಯ್ಯುತ್ತಾರೆಯೇ? ಅವರಿಗೆ ಕುಸ್ಕೊ ಶೈಲಿಯ ವರ್ಣಚಿತ್ರಗಳನ್ನು ನೋಡಲೇಬೇಕಂತೆ.

ನೀಲಿಕುಂಚ

ಉಚಿತ ಟೂರುಗಳು ಸಾಮಾನ್ಯವಾಗಿ ಹೊರಗಿನಿಂದಲೇ ತೋರಿಸುತ್ತವೆ, ಏಕೆಂದರೆ ಒಳಗೆ ಟಿಕೆಟ್ಟು ಬೇಕು. ಅತ್ತೆಯವರ ಆಸಕ್ತಿ ಚಿತ್ರಗಳಲ್ಲಿದ್ದರೆ ನೀವು ಹಣ ಖರ್ಚು ಮಾಡಬೇಕಾದ ಜಾಗ ಕ್ಯಾಥೆಡ್ರಲ್ಲೇ.

ವಿರಕೋಚ ಇನ್ಕಾನ ಅರಮನೆಯ ಜಾಗದಲ್ಲಿ 1559ರ ಸುಮಾರಿಗೆ ಶುರುವಾದ ಈ ಕಟ್ಟಡ ಮುಗಿದದ್ದು 1654ರಲ್ಲಿ. ಅದಕ್ಕೆ ಬೇಕಾದ ಕಲ್ಲಿನಲ್ಲಿ ಬಹುಪಾಲನ್ನು ಸಾಕ್ಸಾಯ್ವಮಾನ್ ಕೋಟೆಯಿಂದ ಕಿತ್ತು ತಂದರು. ಚೌಕದ ನೆಲಕ್ಕೆ ಇನ್ಕಾಗಳು ಪೆಸಿಫಿಕ್ ಕರಾವಳಿಯಿಂದ ತರಿಸಿ ಹಾಸಿದ್ದ ಮರಳನ್ನು ಅಧಿಕಾರಿ ಪೊಲೊ ದೆ ಒಂದೆಗಾರ್ದೊ ತೆಗೆಸಿ, ಚರ್ಚಿನ ಕಟ್ಟೋಣಕ್ಕೆ ಕೊಡಿಸಿದನೆಂದು ಅವನ ಬರಹದಲ್ಲೇ ಇದೆ. ಇದನ್ನು ತಿಳಿದು ಒಳಗೆ ಹೋದರೆ ಗೋಡೆಗಳನ್ನು ಬೇರೆಯದೇ ಕಣ್ಣಿನಿಂದ ನೋಡುತ್ತೀರಿ.

ಒಳಗೆ ಮಾರ್ಕೋಸ್ ಜಪಾಟ ಬರೆದ ‘ಕೊನೆಯ ಭೋಜನ’ದ ಮುಂದೆ ಎಲ್ಲ ಗುಂಪುಗಳೂ ನಿಲ್ಲುತ್ತವೆ, ಯೇಸುವಿನ ಮುಂದಿನ ತಟ್ಟೆಯಲ್ಲಿ ಅಂಗಾತ ಮಲಗಿರುವುದು ಆಂಡೀಸ್‌ನವರು ಹಬ್ಬಕ್ಕೆ ತಿನ್ನುವ ಕೂಯಿ, ಅಂದರೆ ಗಿನಿಪಿಗ್. ಅಲ್ಲಿ ನಗುವವರು ನಕ್ಕು ಹೋಗಲಿ, ನೀವು ಬೇರೆ ಚಿತ್ರಗಳಿಗೆ ಸಮಯ ಇಟ್ಟುಕೊಳ್ಳಿ. 1688ರ ಹೊತ್ತಿಗೆ ಸ್ಥಳೀಯ ಕಲಾವಿದರು ಸ್ಪ್ಯಾನಿಷ್ ಕಲಾವಿದರೊಡನೆ ಜಗಳವಾಡಿ ಅವರ ಸಂಘದಿಂದ ಹೊರಬಂದರು. ಆಮೇಲೆ ಅವರ ಕೈಯಲ್ಲಿ ಪರಿಪ್ರೇಕ್ಷ್ಯದ ನಿಯಮ ಸಡಿಲವಾಯಿತು, ಬಂಗಾರದ ಹೂಬಳ್ಳಿ ಬಟ್ಟೆಗಳ ಮೇಲೆ ಹರಡಿತು, ದೇವದೂತರು ಕೋವಿ ಹಿಡಿದು ನಿಂತರು. ದಿಯೆಗೊ ಕಿಸ್ಪೆ ತಿತೊ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ, ಆದ್ದರಿಂದ ಅತ್ತೆಯವರಿಗೆ ಒಂದು ಟಿಪ್ಪಣಿ ಪುಸ್ತಕ ಕೊಡಿ.

ಕ್ಯಾಥೆಡ್ರಲ್‌ನ ಹೊರಗೆ ಚೌಕದ ಇನ್ನೊಂದು ಪಕ್ಕದಲ್ಲಿರುವ ಲಾ ಕೊಂಪನ್ಯಿಯಾದಲ್ಲಿ ಬಾಗಿಲ ಬಳಿಯೇ ಒಂದು ಮದುವೆಯ ಚಿತ್ರವಿದೆ. ಮದುಮಗ ಮಾರ್ತಿನ್ ಗಾರ್ಸಿಯಾ ದೆ ಲೊಯೋಲ, ಮದುಮಗಳು ಇನ್ಕಾ ರಾಜವಂಶದ ಬಿಯಾಟ್ರಿಸ್. ಕೊನೆಯ ಇನ್ಕಾ ದೊರೆ ತುಪಾಕ್ ಅಮಾರುವನ್ನು ವಿಲ್ಕಬಾಂಬದಲ್ಲಿ ಹಿಡಿದು ತಂದವನು ಇದೇ ಲೊಯೋಲ, ಬಿಯಾಟ್ರಿಸ್ ಆ ದೊರೆಯ ಅಣ್ಣನ ಮಗಳು. ಇಡೀ ವಿಜಯದ ರಾಜಕಾರಣ ಒಂದೇ ಚೌಕಟ್ಟಿನಲ್ಲಿ ಸಿಗುವುದು ಅಲ್ಲಿ.

ಅಡುಗೆಮನೆ_ಅರಸು

ಕೂಯಿಯ ಮಾತು ಬಂದದ್ದರಿಂದ ಕೇಳುತ್ತೇನೆ: ಸಸ್ಯಾಹಾರಿಗಳ ಗತಿ ಏನು? ಕೆಲವು ಟೂರುಗಳಲ್ಲಿ ಸಾನ್ ಪೆದ್ರೊ ಮಾರುಕಟ್ಟೆಗೆ ಕರೆದೊಯ್ದು ರುಚಿ ತೋರಿಸುತ್ತಾರೆ ಎಂದು ಕೇಳಿದ್ದೇನೆ.

ಮೈಸೂರು_ಡಲ್ಲಸ್

ಗತಿ ಚೆನ್ನಾಗಿಯೇ ಇದೆ. ಕಿನೋವಾ ಸಾರು, ಹತ್ತಾರು ಬಗೆಯ ಆಲೂಗಡ್ಡೆ, ದಪ್ಪ ಕಾಳಿನ ಬೇಯಿಸಿದ ಜೋಳದ ಜೊತೆ ಚೀಸು, ಅವಕಾಡೊ, ಹಣ್ಣಿನ ರಸದ ಸಾಲು ಸಾಲು ಅಂಗಡಿಗಳು. ‘ತರಕಾರಿ ಸಾರು’ ಎಂದು ಕೊಟ್ಟದ್ದನ್ನು ಮಾತ್ರ ಕೋಳಿಯ ನೀರಿನಲ್ಲಿ ಕುದಿಸಿದ್ದಾರೆಯೇ ಎಂದು ಕೇಳಿಯೇ ಬಾಯಿಗಿಡಿ. ಮಾಂಸದ ಸಾಲಿನ ಕಡೆ ಗೈಡ್ ಹೊರಟರೆ ಅತ್ತೆಯವರನ್ನು ಹಣ್ಣಿನ ಕಡೆ ತಿರುಗಿಸಿ.

ದಂಡಿನದಾರಿ

ಚರ್ಚೆ ಚೌಕದಿಂದ ಅಡುಗೆಮನೆಗೆ ಹೋಯಿತು. ದಯವಿಟ್ಟು ಹಿಂದಿರುಗೋಣ.

ಸಹ್ಯಾದ್ರಿ_ಓದುಗ

ಹಿಂದಿರುಗೋಣ. ನೀಲಿಕುಂಚದವರು ತುಪಾಕ್ ಅಮಾರುವಿನ ಹೆಸರೆತ್ತಿದ್ದು ಒಳ್ಳೆಯದಾಯಿತು, ಏಕೆಂದರೆ ಎರಡು ಗಂಟೆಯ ಟೂರುಗಳ ಮೇಲೆ ನನ್ನ ದೊಡ್ಡ ತಕರಾರು ಇರುವುದು ಇಲ್ಲಿ. ಅವು 1533ರ ನವೆಂಬರಿನಲ್ಲಿ ಸ್ಪ್ಯಾನಿಷ್ ದಂಡನಾಯಕ ಪಿಸಾರೊ ಊರಿಗೆ ಬಂದನೆಂದು ಹೇಳಿ, ಅಲ್ಲಿಂದ ನೇರವಾಗಿ ಪಿಸ್ಕೊ ಪಾನೀಯಕ್ಕೆ ಜಿಗಿಯುತ್ತವೆ. ನಡುವಿನ ಕಾಲ ಎಲ್ಲಿ ಹೋಯಿತು? 1536ರಲ್ಲಿ ಇನ್ಕಾ ದೊರೆ ಮಾಂಕೊ ಇನ್ಕಾ ಇದೇ ಊರಿಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ, ಹುಲ್ಲಿನ ಚಾವಣಿಗಳಿಗೆ ಬೆಂಕಿ ಹಚ್ಚಿಸಿ, ಸ್ಪ್ಯಾನಿಯಾರ್ಡರನ್ನು ಚೌಕದ ಮೂಲೆಗೆ ಅಟ್ಟಿದ್ದ. 1572ರಲ್ಲಿ ವೈಸರಾಯ್ ತೊಲೆದೊನ ಆಜ್ಞೆಯಂತೆ ತುಪಾಕ್ ಅಮಾರುವಿನ ತಲೆ ಕಡಿದದ್ದು ಇದೇ ಚೌಕದಲ್ಲಿ. ಎರಡು ಶತಮಾನದ ಬಳಿಕ ಅವನ ಹೆಸರನ್ನೇ ಇಟ್ಟುಕೊಂಡು ದಂಗೆಯೆದ್ದ ಎರಡನೆಯ ತುಪಾಕ್ ಅಮಾರುವನ್ನು 1781ರ ಮೇ 18ರಂದು ಇಲ್ಲಿಯೇ ನಾಲ್ಕು ಕುದುರೆಗಳಿಗೆ ಕಟ್ಟಿ ಎಳೆಸಿದರು. ದೇಹ ಹರಿಯಲಿಲ್ಲವೆಂದು ಆಮೇಲೆ ತಲೆ ಕಡಿದರು. ಅದಕ್ಕೂ ಮೊದಲು ಅವನ ಕಣ್ಣೆದುರೇ ಹೆಂಡತಿ ಮಿಕಾಯೆಲಾ ಬಾಸ್ತಿದಾಸಳನ್ನು ಕೊಂದರು. ಆಕೆ ಬರಿಯ ಹೆಂಡತಿಯಲ್ಲ, ದಂಗೆಯ ಸರಬರಾಜು ಮತ್ತು ಪತ್ರವ್ಯವಹಾರವನ್ನೆಲ್ಲ ನಡೆಸಿದವಳು. ಜನ ಇಂದು ಕಾರಂಜಿಯ ಮೇಲಿನ ಇನ್ಕಾ ದೊರೆ ಪಚಕುತಿಯ ಬಂಗಾರ ಬಣ್ಣದ ವಿಗ್ರಹದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಅದು ನಿಂತದ್ದು 2011ರಲ್ಲಿ, ಪರಂಪರೆಯ ಚೌಕದಲ್ಲಿ ಅದನ್ನು ನಿಲ್ಲಿಸಬಾರದೆಂದು ಆಗಲೇ ವಿವಾದವೂ ಆಗಿತ್ತು.

ಗೈಡ್ ಗೊತ್ತುಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: ‘1781ರ ಬಗ್ಗೆ ಹೇಳುತ್ತೀರಾ?’ ಉತ್ಸಾಹದಿಂದ ಹೌದೆಂದರೆ ಮುಂಗಡ ಕೊಡಿ.

ಸಂಶಯಪ್ರಿಯ

ಈ ಮಾತು ಒಪ್ಪಿದೆ. ಅದೇ ಪ್ರಶ್ನೆಯ ಜೊತೆ ಬಾವುಟದ ಬಗ್ಗೆಯೂ ಕೇಳಿ. ಊರ ತುಂಬ ಹಾರಾಡುವ ಕಾಮನಬಿಲ್ಲಿನ ಏಳು ಪಟ್ಟೆಯ ಬಾವುಟ ಇನ್ಕಾ ಸಾಮ್ರಾಜ್ಯದ್ದು ಎಂದು ಎದೆಯುಬ್ಬಿಸಿ ಹೇಳುವ ಗೈಡುಗಳಿದ್ದಾರೆ. ಅದನ್ನು ರೂಪಿಸಿದ್ದು 1973ರಲ್ಲಿ ಒಂದು ಸ್ಥಳೀಯ ರೇಡಿಯೊ ಕೇಂದ್ರದ ವಾರ್ಷಿಕೋತ್ಸವಕ್ಕೆ, ನಗರಸಭೆ ಅದನ್ನು ತನ್ನದಾಗಿಸಿಕೊಂಡದ್ದು 1978ರಲ್ಲಿ. ಲೈಂಗಿಕ ಅಲ್ಪಸಂಖ್ಯಾತರ ಆರು ಬಣ್ಣದ ಬಾವುಟದೊಡನೆ ಪ್ರವಾಸಿಗರು ಗೊಂದಲ ಮಾಡಿಕೊಳ್ಳುತ್ತಾರೆಂದು 2021ರಲ್ಲಿ ನಡುವೆ ಬಂಗಾರದ ಸೂರ್ಯನನ್ನೂ ಸೇರಿಸಿದರು.

ಪೇಟೆಬೀದಿ

ಐವತ್ತು ವರ್ಷ ಒಂದು ಊರು ಒಂದು ಬಾವುಟವನ್ನು ಹಾರಿಸಿದರೆ ಅದು ಆ ಊರಿನ ಬಾವುಟವೇ. ಇನ್ಕಾ ಕಾಲದ್ದಲ್ಲ ಎಂದು ತಿದ್ದಿ, ಸರಿ. ಆದರೆ ಅದನ್ನು ಪ್ರೀತಿಸುವವರನ್ನು ಸುಳ್ಳುಗಾರರೆನ್ನಬೇಡಿ.

ಸಂಶಯಪ್ರಿಯ

ಪ್ರೀತಿಸಲಿ. ವರ್ಷವನ್ನು ಮಾತ್ರ ಸರಿಯಾಗಿ ಹೇಳಲಿ.

ಕಲ್ಲುಕುಟಿಗ

ಅತ್ತೆಯವರ ಇನ್ನೊಂದು ಪ್ರಶ್ನೆ ಉಳಿದಿತ್ತು: ಕೊರಿಕಾಂಚ. ಸೂರ್ಯನ ದೇವಾಲಯದ ಗೋಡೆಗೆ ಹೊದಿಸಿದ್ದ ಬಂಗಾರದ ತಗಡುಗಳನ್ನು ಸ್ಪ್ಯಾನಿಯಾರ್ಡರು 1533ರಲ್ಲಿ ತಾವು ಸೆರೆಹಿಡಿದಿದ್ದ ಇನ್ಕಾ ದೊರೆ ಅತಹುವಾಲ್ಪನ ಬಿಡುಗಡೆಯ ಹಣವೆಂದು ಕಿತ್ತು ಒಯ್ದರು; ಆಮೇಲೆ ಜಾಗ ದೊಮಿನಿಕನ್ ಸಂನ್ಯಾಸಿಗಳಿಗೆ ಹೋಯಿತು, ಅವರು ಮೇಲೆ ಸಾಂತೊ ದೊಮಿಂಗೊ ಮಠ ಕಟ್ಟಿದರು. 1950ರ ಮೇ 21ರ ಭೂಕಂಪದಲ್ಲಿ ಮಠದ ಭಾಗಗಳು ಕುಸಿದವು, ಸುಣ್ಣಗಾರೆಯ ಹಿಂದೆ ಅಡಗಿದ್ದ ಇನ್ಕಾ ಕೋಣೆಗಳು ಹೊರಬಂದವು. ಹೇಗಿತ್ತೋ ಹಾಗೆ ಮಠವನ್ನೇ ಮತ್ತೆ ಕಟ್ಟುವುದೇ, ಇನ್ಕಾ ಗೋಡೆಗಳನ್ನು ತೆರೆದಿಡುವುದೇ ಎಂಬ ದೊಡ್ಡ ವಾದ ನಡೆದು, ಕೊನೆಗೆ ಎರಡೂ ಕಾಣುವಂತೆ ಉಳಿಸಿದರು. ಬೀದಿಯ ಕಡೆಯ ಬಾಗಿದ ಗೋಡೆಯನ್ನು ತಪ್ಪಿಸಬೇಡಿ.

ಇಲ್ಲಿಯೂ ಗೈಡುಗಳು ಒಂದು ಅತಿಶಯೋಕ್ತಿ ಮಾಡುತ್ತಾರೆ: ಭೂಕಂಪಕ್ಕೆ ಸ್ಪ್ಯಾನಿಷ್ ಕಟ್ಟಡಗಳೆಲ್ಲ ಬಿದ್ದವು, ಇನ್ಕಾ ಗೋಡೆಗೆ ಒಂದು ಗೀರೂ ಆಗಲಿಲ್ಲ ಎಂದು. ಒಳಕ್ಕೆ ವಾಲಿದ, ಗಾರೆಯಿಲ್ಲದೆ ಒಂದಕ್ಕೊಂದು ಕಚ್ಚಿಕೊಂಡ ಗೋಡೆ ಅಲುಗಾಟವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ ಎಂಬುದು ನಿಜ. ಆದರೆ ಒಳಗೆ ಹೋಗಿ ನೋಡಿ. ಸಂದುಗಳು ಬಿಟ್ಟುಕೊಂಡ ಕಡೆಗಳೂ ಇವೆ.

ಗೋಡೆಗಳಿಗೆ ಭೂಕಂಪಕ್ಕಿಂತ ಮನುಷ್ಯರ ಕಾಟವೇ ಹೆಚ್ಚು. ಸಾಫಿ ಬೀದಿಯಲ್ಲಿ ಹೋಟೆಲು ಕಟ್ಟಲು ಇನ್ಕಾ ಗೋಡೆಗಳನ್ನು ಒಡೆದದ್ದಕ್ಕೆ, ಎದ್ದು ನಿಂತ ಕಟ್ಟಡವನ್ನು ಕೆಡವಬೇಕೆಂದು 2019ರಲ್ಲಿ ನ್ಯಾಯಾಲಯವೇ ಆಜ್ಞೆ ಮಾಡಬೇಕಾಯಿತು. 1983ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಊರಿನ ಕತೆ ಇದು.

ಲೆಕ್ಕಪತ್ರ

ಟಿಕೆಟ್ಟಿನ ಬಗ್ಗೆ ಸ್ಪಷ್ಟವಾಗಿರಿ. ‘ಬೊಲೆತೊ ತುರಿಸ್ತಿಕೊ’ ಎಂಬ ಒಟ್ಟು ಟಿಕೆಟ್ಟು ವಿದೇಶಿಯರಿಗೆ ಬಹುಕಾಲದಿಂದ 130 ಸೋಲ್ ಇದೆ, ಹತ್ತು ದಿನ ನಡೆಯುತ್ತದೆ. ಅದರಲ್ಲಿ ಸಾಕ್ಸಾಯ್ವಮಾನ್, ಕೆಂಕೊ, ತಂಬೊಮಾಚಾಯ್, ಪಿಸಾಕ್, ಒಯಂತಾಯ್ತಂಬೊ ಮುಂತಾದವು ಸೇರುತ್ತವೆ. ಕ್ಯಾಥೆಡ್ರಲ್ ಮತ್ತು ಕೊರಿಕಾಂಚದ ಮಠ ಅದರಲ್ಲಿ ಸೇರುವುದಿಲ್ಲ, ಅವುಗಳಿಗೆ ಬೇರೆ ಬೇರೆ ಟಿಕೆಟ್ಟು. ಗೈಡಿನ ಶುಲ್ಕದಲ್ಲಿ ಇವು ಸೇರಿವೆಯೇ ಎಂದು ಮೊದಲೇ ಬರಹದಲ್ಲಿ ಕೇಳಿ. ಹೆಚ್ಚಿನ ಮನಸ್ತಾಪಗಳು ಟಿಕೆಟ್ಟಿನ ಕಿಂಡಿಯ ಮುಂದೆಯೇ ಹುಟ್ಟುತ್ತವೆ.

ಮೈಸೂರು_ಡಲ್ಲಸ್

ಸಾಕ್ಸಾಯ್ವಮಾನ್‌ಗೆ ಚೌಕದಿಂದ ನಡೆದು ಹತ್ತುವುದನ್ನೂ ಕೆಲವು ಟೂರುಗಳು ಸೇರಿಸುತ್ತವೆ. ಅದು ಸುಮಾರು 3700 ಮೀಟರ್ ಎತ್ತರದಲ್ಲಿದೆ, ದಾರಿ ಉದ್ದಕ್ಕೂ ಏರು. ಅತ್ತೆಯವರನ್ನು ಟ್ಯಾಕ್ಸಿಯಲ್ಲಿ ಮೇಲಕ್ಕೆ ಕಳಿಸಿ, ಅಲ್ಲಿಂದ ಸಾನ್ ಬ್ಲಾಸ್ ಮೂಲಕ ಎಲ್ಲರೂ ಇಳಿದು ಬನ್ನಿ; ನೋಡುವುದು ಅಷ್ಟೇ, ಉಸಿರು ಅರ್ಧ ಉಳಿಯುತ್ತದೆ. ಅಂಕುಡೊಂಕಾದ ಮೂರು ಹಂತದ ಗೋಡೆಯಲ್ಲಿ ಅತಿ ದೊಡ್ಡ ಕಲ್ಲುಗಳು ನೂರು ಟನ್ನಿಗೂ ಹೆಚ್ಚು ತೂಗುತ್ತವೆಂದು ಅಂದಾಜು.

ವೀಸಾ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಷೆಂಗೆನ್ ವೀಸಾ ಆರು ತಿಂಗಳ ಅವಧಿಯೊಂದಿಗೆ ಇರುವ ಭಾರತೀಯರಿಗೆ ಪೆರು 2017ರಿಂದ ಬೇರೆ ವೀಸಾ ಕೇಳುತ್ತಿಲ್ಲ. ಅತ್ತೆಯವರು ಭಾರತದಿಂದ ನೇರವಾಗಿ ಬರುವುದಾದರೆ ರಾಯಭಾರ ಕಚೇರಿಯ ಈಗಿನ ನಿಯಮವನ್ನು ಒಮ್ಮೆ ನೋಡಿಕೊಳ್ಳಿ.

ಹೇಮಾವತಿ_ತೀರ

ಮನೆಯ ಒಪ್ಪಂದ ಹೀಗಾಗಿದೆ. ಎರಡನೆಯ ದಿನ ಬೆಳಗ್ಗೆ ಪತಿಯ ಇಷ್ಟದಂತೆ ಉಚಿತ ಟೂರ್. ಲೆಕ್ಕಪತ್ರದವರ ಮಾತು ಓದಿದ ಮೇಲೆ, ಕೊಡುವ ಹಣವನ್ನು ಹೋಗುವ ಮೊದಲೇ ನಿರ್ಧರಿಸಿ ಬೇರೆ ಲಕೋಟೆಯಲ್ಲಿ ಇಡುತ್ತೇವೆ. ಮರುದಿನ ಕ್ಯಾಥೆಡ್ರಲ್, ಕೊರಿಕಾಂಚಗಳಿಗೆ ಚೀಟಿ ಇರುವ ಗೈಡ್. ಅವರನ್ನು ಸಂದರ್ಶನ ಮಾಡುವ ಅಧಿಕಾರ ಅತ್ತೆಯವರದು. ಅವರು ಈಗಾಗಲೇ ಪ್ರಶ್ನೆಗಳ ಪಟ್ಟಿ ಬರೆಯುತ್ತಿದ್ದಾರೆ, ಪೂಮಾ ಒಂದನೆಯದು. ಆ ಗೈಡಿನ ಬಗ್ಗೆ ನನಗೆ ಈಗಲೇ ಕನಿಕರವಾಗುತ್ತಿದೆ. ಇನ್ನೊಂದು ಸಂದೇಹ: ನಾವು ಜೂನ್ ಮೊದಲ ವಾರದವರೆಗೆ ಇರುತ್ತೇವೆ, ಆಗ ಹಬ್ಬಗಳಿಂದ ಟೂರುಗಳಿಗೆ ಅಡ್ಡಿಯಾಗುತ್ತದೆಯೇ? ಇನ್ಕಾ ಸೂರ್ಯಹಬ್ಬ ಇಂತಿ ರಾಯ್ಮಿ ನಮಗೆ ಸಿಗುವುದಿಲ್ಲವೆಂದು ಗೊತ್ತು.

ನೀಲಿಕುಂಚ

ಇಂತಿ ರಾಯ್ಮಿ ಜೂನ್ 24ಕ್ಕೆ. ಈಗ ನಡೆಯುವ ರೂಪ 1944ರಲ್ಲಿ ಶುರುವಾದದ್ದು, ಅದು ತಪ್ಪಿದ್ದಕ್ಕೆ ಕೊರಗಬೇಡಿ. ಕೊರ್ಪುಸ್ ಕ್ರಿಸ್ಟಿ ಹಬ್ಬದ ದಿನಾಂಕವನ್ನು ನೋಡಿಕೊಳ್ಳಿ. ಈಸ್ಟರ್ ಕಳೆದು ಅರವತ್ತನೆಯ ದಿನದ ಗುರುವಾರ ಅದು ಬೀಳುತ್ತದೆ, ಆದ್ದರಿಂದ ಮೇ ಕೊನೆಗೂ ಬರಬಹುದು, ಜೂನ್ ಮಧ್ಯಕ್ಕೂ ಹೋಗಬಹುದು. ಸುತ್ತಲ ಚರ್ಚುಗಳ ಹದಿನೈದು ಸಂತರ ಮತ್ತು ಮಾತೆ ಮೇರಿಯ ವಿಗ್ರಹಗಳು ಬ್ಯಾಂಡಿನೊಡನೆ ಹೆಗಲ ಮೇಲೆ ಕ್ಯಾಥೆಡ್ರಲ್‌ಗೆ ಬರುತ್ತವೆ. ಹಿಂದಿನ ದಿನವೇ ಅವುಗಳ ಪ್ರವೇಶ ಶುರು. ಆ ಎರಡು ದಿನ ಚೌಕದಲ್ಲಿ ಯಾವ ಗೈಡಿನ ದನಿಯೂ ಕೇಳಿಸುವುದಿಲ್ಲ, ಕ್ಯಾಥೆಡ್ರಲ್ ಒಳಗೆ ಚಿತ್ರ ನೋಡುವ ಆಸೆಯನ್ನೂ ಬಿಡಿ.

ಅಡುಗೆಮನೆ_ಅರಸು

ಆ ಹಬ್ಬಕ್ಕೆ ‘ಚಿರಿಉಚು’ ಎಂಬ ತಣ್ಣನೆಯ ತಟ್ಟೆ ಕೊಡುತ್ತಾರೆ. ಅದರಲ್ಲಿ ಕೂಯಿಯೂ ಇದೆ, ಸಮುದ್ರದ ಪಾಚಿಯೂ ಇದೆ, ಮೀನಿನ ಮೊಟ್ಟೆಯೂ ಇದೆ. ದಂಡಿನದಾರಿಯವರ ಕ್ಷಮೆ ಕೋರುತ್ತ, ಸಸ್ಯಾಹಾರಿಗಳು ಹುರಿದ ಜೋಳ ಮತ್ತು ಚೀಸನ್ನಷ್ಟೇ ಕೇಳಿ ತೆಗೆದುಕೊಳ್ಳಬಹುದು.

ಸಹ್ಯಾದ್ರಿ_ಓದುಗ

ಹೇಮಾವತಿಯವರೇ, ಹಬ್ಬ ನಿಮ್ಮ ದಿನಗಳಲ್ಲಿ ಬಿದ್ದರೆ ಕ್ಯಾಥೆಡ್ರಲ್ ಭೇಟಿಯನ್ನು ಅದಕ್ಕೆ ಮೊದಲೇ ಮುಗಿಸಿಕೊಳ್ಳಿ, ಮಾಚು ಪಿಚುವಿನಿಂದ ಮರಳಿದ ಮೇಲೆ ಎಂದು ಮುಂದೂಡಬೇಡಿ. ಅತ್ತೆಯವರ ಪ್ರಶ್ನೆಗಳ ಪಟ್ಟಿ ಪೂರ್ಣವಾದಾಗ ದಯವಿಟ್ಟು ಇಲ್ಲಿ ಹಾಕಿ. ನಾನು ಮುಂದಿನ ವರ್ಷ ಮತ್ತೆ ಹೋಗುವವನಿದ್ದೇನೆ, ಅದನ್ನೇ ಅಚ್ಚು ಹಾಕಿಸಿಕೊಂಡು ಒಯ್ಯುತ್ತೇನೆ.